ತಲೆನೋವಿನ ವರ

ಬಾಗಿಲಿಗೆ ಬಣ್ಣ ಹೊಡೆಸದೇ ಇದ್ದಿದ್ದರೆ ಸಂಗಮನಾಥನ ಮದುವೆ ಆಗಿಹೋಗುತ್ತಿತ್ತು. ಶಹಾಪುರದ ಆ ಹಳೇ ಮನೆಯ ಬಾಗಿಲು ಇಷ್ಟು ವರ್ಷ ಬಣ್ಣವಿಲ್ಲದೆ ನಿಂತಿತ್ತು. ಇನ್ನೊಂದು ದಿನ ಹಾಗೇ ನಿಂತಿದ್ದರೆ ಅದರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅಂದು ಸುರಪುರದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಉಮಾಶ್ರೀಯನ್ನು ಇವನು ಒಪ್ಪಿದ್ದ, ಅವಳೂ ಇವನನ್ನು ಒಪ್ಪಿದ್ದಳು. ಮನೆ ನೋಡಿ ಅವಳಪ್ಪ ಹೂಂ ಅಂದರೆ ಮುಗಿಯಿತು. ವಯಸ್ಸು ಮೀರುತ್ತಿದ್ದ ಈ ಗುಮಾಸ್ತನಿಗೆ ಇನ್ನೊಂದು ಹೆಣ್ಣು ಸಿಕ್ಕೀತೆಂಬ ಆಸೆ ಹೆತ್ತ ತಾಯಿ ಸೂಗಮ್ಮನಿಗೂ ಉಳಿದಿರಲಿಲ್ಲ.

ಅದಕ್ಕೇ ಆಕೆ ಬೆಳಗಾಗುತ್ತಲೇ ಪಕ್ಕದ ಮನೆಯ ಖಂಡಪ್ಪನನ್ನು ಹಿಡಿದು ಬಾಗಿಲಿಗೆ ಹಸಿರು ಎಣ್ಣೆಬಣ್ಣ ಹೊಡೆಸಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಸಂಗಮನಾಥನ ಎಡಗಣ್ಣಿನ ಮುಂದೆ ಅಂಕುಡೊಂಕು ಮಿಂಚು ಕುಣಿಯಿತು. ಆಮೇಲೆ ಅರ್ಧ ತಲೆಯೊಳಗೆ ಯಾರೋ ಒನಕೆ ಹಿಡಿದು ಖಾರ ಕುಟ್ಟತೊಡಗಿದರು.

"ಯವ್ವಾ, ತಲಿ ಸಿಡ್ಯಾಕತ್ತದ. ಕಿಟಕಿ ಮುಚ್ಚು, ಕತ್ತಲಾಗ ಬಿದ್ಕೋತೀನಿ."

"ಇವತ್ತೇ ಬರಬೇಕಿತ್ತಾ ನಿನ್ನ ತಲಿಶೂಲಿ? ಅವ್ರು ಹತ್ತಿಗೂಡೂರು ದಾಟ್ಯಾರಂತ, ಏಳು!"

ಬಣ್ಣದ ಕೈಯಲ್ಲೇ ಖಂಡಪ್ಪ ಒಳಗೆ ನುಗ್ಗಿದ. "ತಲಿಶೂಲಿನೂ ಒಂದು ಜಡ್ಡೇನೋ ತಮ್ಮಾ? ಉಳ್ಳಾಗಡ್ಡಿ ಜಜ್ಜಿ ತಿಕ್ಕಿದ್ರ ಓಡಿಹೋಗ್ತದ," ಎಂದು ಹಣೆಗೆ ಗಸಗಸ ತಿಕ್ಕಿದ. ಅಷ್ಟರಲ್ಲಿ ಕಚೇರಿಯ ಗೆಳೆಯ ಭಾಗಣ್ಣ ಸೋಡಾ ಬಾಟಲಿ ಹಿಡಿದು ಬಂದ. "ಪಿತ್ತ ಆಗ್ಯಾದ, ಒಂದೇ ಗುಟಕಿಗೆ ಇಳಿಸು," ಎಂದು ಬಾಯಿಗೇ ಹಿಡಿದ. ಬಣ್ಣ, ಈರುಳ್ಳಿ, ಸೋಡಾ ಮೂರೂ ಕೂಡಿ ಸಂಗಮನಾಥನನ್ನು ಹೊರಗೆ ಓಡಿಸಿದವು. ಅವನು ಚರಂಡಿಗೆ ಬಗ್ಗಿ ವಾಂತಿ ಮಾಡುವುದಕ್ಕೂ ಹೆಣ್ಣಿನವರ ಜೀಪು ಬಂದು ಬಾಗಿಲ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಬಿಸಿಲಿಗೆ ಕಣ್ಣು ಬಿಡಲಾಗದೆ ಅವನು ತಡವರಿಸಿದಾಗ ಭಾಗಣ್ಣ ತನ್ನ ಕರಿ ಕನ್ನಡಕ ತೆಗೆದು ಅವನಿಗೆ ಹಾಕಿದ. ಅವನೂ ಖಂಡಪ್ಪನೂ ಎರಡು ರಟ್ಟೆ ಹಿಡಿದು ಎಳೆದು ತಂದು ಕುರ್ಚಿಯಲ್ಲಿ ಕೂಡಿಸಿದರು. ಉಮಾಶ್ರೀಯ ಅಪ್ಪ ನಾಗಣ್ಣ ಸುರಪುರದ ಬಟ್ಟೆ ವ್ಯಾಪಾರಿ. ಭಾವೀ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡ.

ಭಾಗಣ್ಣ ಕಿವಿಯಲ್ಲಿ ಪಿಸುಗುಟ್ಟಿದ: "ಲೇ ಸಂಗ್ಯಾ, ಕುಡದಾನ ಅಂತ ತಿಳದಾರೋ!"

ಸಂಗಮನಾಥ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಕನ್ನಡಕ ಕಿತ್ತೆಸೆದು ಎದ್ದು ನಿಂತ.

"ಸಾವಕಾರ್ರ, ನಾ ಕುಡದಿಲ್ರಿ! ಇದಕ್ಕ ಮೈಗ್ರೇನ್ ಅಂತಾರ್ರಿ. ಕಲಬುರ್ಗಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರ್ಸೀನಿ. ಎದಿ ಸಪ್ಪಳ ಕೇಳಿ ಎಕೋ ಮಾಡಿಸಿದ್ರು. ಹಾರ್ಟಿಂದು ಒಂದು ವಾಲ್ವ್ ಚೂರು ಸಡ್ಲ ಅದಂತ. ಇಂಥಾ ತಲಿಶೂಲಿ ಇದ್ದವ್ರಾಗ ಕೆಲವ್ರಿಗೆ ಅದೂ ಕೂಡೇ ಇರ್ತದಂತ. ಅದ್ರಿಂದಲೇ ಇದು ಅಂತ ಹೇಳಾಕ ಬರಲ್ಲ, ನಿನ್ನ ವಾಲ್ವಿಗೆ ಔಷಧಿನೂ ಬ್ಯಾಡ, ಅಂಜಬ್ಯಾಡ ಅಂದಾರ್ರಿ!"

ತಲೆನೋವಿಗೆ ಇಷ್ಟು ವರ್ಷ ಸಿಗದ ಮರ್ಯಾದೆ ಹಾರ್ಟಿಗೆ ಒಂದೇ ಗಳಿಗೆಯಲ್ಲಿ ಸಿಕ್ಕಿತು. ಖಂಡಪ್ಪ ಹಿಡಿದಿದ್ದ ರಟ್ಟೆ ಬಿಟ್ಟ. ಭಾಗಣ್ಣ ಗಾಳಿ ಬೀಸತೊಡಗಿದ. ಅಂತೂ ನನ್ನನ್ನು ನಂಬಿದರಲ್ಲ ಎಂದು ಸಂಗಮನಾಥನ ಕಣ್ಣು ತುಂಬಿ ಬಂತು.

ನಾಗಣ್ಣ ತಟ್ಟೆ ಕೆಳಗಿಟ್ಟ. "ಹಾರ್ಟಾ?" ಎಂದು ಎದ್ದೇಬಿಟ್ಟ.

"ಅಲ್ರಿ, ಕುಡದಿಲ್ಲ ಅಂದ್ನಲ್ರಿ!"

"ಕುಡೀತಿ ಅಂತ ನಮಗ ಮೊದ್ಲೇ ಗೊತ್ತಿತ್ತಪಾ. ಹೆಣ್ಣು ಕೊಡೋರು ಓಣ್ಯಾಗ ವಿಚಾರಸೂದಿಲ್ಲೇನು? ಆಗಾಗ ಬಾಗಲಾ ಹಾಕ್ಕೊಂಡು ಬೀಳ್ತಾನ, ಕಣ್ಣು ಕೆಂಪ ಆಗ್ತಾವ, ವಾಂತಿ ಮಾಡ್ಕೋತಾನ. ಆದ್ರ ಒದರೂದಿಲ್ಲ, ಕೈ ಎತ್ತೂದಿಲ್ಲ, ಭಾಳ ಇಜ್ಜತ್ತಿನ ಕುಡುಕ ಅಂದ್ರು. ನೌಕರಿ ಅದ, ಇರ್ಲಿ ಅಂತ ಒಪ್ಕೊಂಡೇ ಬಂದಿದ್ವಿ. ಲಗ್ನ ಆದಮ್ಯಾಲ ನಾ ಬಿಡಸ್ತೀನಿ ಅಂತ ನಮ್ಮ ಹುಡುಗಿನೂ ಅಂದಿದ್ಲು. ಕುಡಿಯೂದು ಬಿಡಸಬಹುದು, ಹಾರ್ಟ್ ಹ್ಯಾಂಗ ಬಿಡಸೂದು?"

ಜೀಪು ಹೊರಟುಹೋಯಿತು. ಸೂಗಮ್ಮ ಕಂಬಕ್ಕೆ ತಲೆ ಕೊಟ್ಟು ಅಳುತ್ತ ಕೂತಳು.

"ಓಣ್ಯಾಗ ಹಂಗ ಹೇಳಿದ್ಯಾರು?" ಎಂದ ಸಂಗಮನಾಥ.

"ನಾನೇ," ಎಂದ ಖಂಡಪ್ಪ, ಎದೆಯುಬ್ಬಿಸಿ. "ಬರೇ ತಲಿಶೂಲಿ ಅಂದ್ರ ಯಾರು ನಂಬ್ತಾರ? ಎಷ್ಟ್ ಚಂದ ಹೇಳಿ ಹೊಂದಿಸಿದ್ದೆ! ಬಾಯಿ ಮುಚ್ಚಿಕೊಂಡು ಕುಂದ್ರಾಕ ಏನಾಗಿತ್ತು ನಿನಗ?"

ಸಂಗಮನಾಥನಿಗೆ ಹುಟ್ಟಿದ ಮೇಲೆ ಮೊದಲ ಸಲ ಗಂಟಲು ತುಂಬ ಕುಡಿಯಬೇಕು ಅನ್ನಿಸಿತು. ಆದರೆ ಕುಡಿದರೆ ತಲೆನೋವು ಇನ್ನೂ ಜೋರಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.