ಅತ್ತಿಮರದಿಂದ ನಾನೂರು ಮೀಟರು

ತಾಲ್ಲೂಕು ಪುರಸಭೆಯಲ್ಲಿ ತನ್ನ ಮಾತು ಮುಗಿದೊಡನೆ ಕಣ್ಣು ಮುಚ್ಚುವುದು ಎವರಿಸ್ತೊ ಚಿಂಚಿಯಾನ ಹಳೆಯ ಅಭ್ಯಾಸ. ಅವನು ಎಲ್ ಹಿಗೆರೋನ್, ಅಂದರೆ ಅತ್ತಿಮರ, ಎಂಬ ಹೋಬಳಿಯ ಸಿಂದಿಕೊ. ಸಿಂದಿಕೊ ಆದವನು ಸಭೆಯಲ್ಲಿ ಹೋಬಳಿಯ ಪರವಾಗಿ ಬಾಯಿ ಬಿಡಬಹುದು, ಕೈ ಎತ್ತುವಂತಿಲ್ಲ, ಮಾತುಂಟು, ಮತವಿಲ್ಲ. ಮತವಿಲ್ಲದವನು ಮಾತಾಡಿದ ಮೇಲೂ ಎಚ್ಚರವಾಗಿದ್ದು ಯಾರನ್ನು ಉದ್ಧಾರ ಮಾಡಬೇಕು?

ಕಳೆದ ಸಭೆಯಲ್ಲಿ ಅವನು ಎದ್ದು ನಿಂತು ಊರಿಗೆ ಡಾಂಬರು ಕೇಳಿದ. "ಎಲ್ ಹಿಗೆರೋನ್‌ನ ಅತ್ತಿಮರದಿಂದ ಸ್ಮಶಾನದ ದಿಕ್ಕಿಗೆ ನಾನೂರು ಮೀಟರು ಡಾಂಬರು ಮಂಜೂರು" ಎಂದು ಅಧ್ಯಕ್ಷರು ಓದಿದ್ದು ಕಿವಿಗೆ ಬಿತ್ತು. ಅವರು ಮುಂದೆಯೂ ಏನೋ ಓದುತ್ತಿದ್ದರು. ಅಷ್ಟರಲ್ಲಿ ಎವರಿಸ್ತೊನ ಕಣ್ಣೊಳಗೆ ಮಿರಮಿರ ಮಿಂಚುವ ಕಪ್ಪು ರಸ್ತೆಯೊಂದು ಚಾಪೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಅದರ ಮೇಲೆ ಅವನ ಹೆಂಡತಿ ನಿದಿಯಾ ಕೆಸರಿಲ್ಲದ ಪಾದಗಳಲ್ಲಿ, ನಗುತ್ತಾ, ಅವನ ಕಡೆಗೇ ನಡೆದು ಬರುತ್ತಿದ್ದಳು. ಅವಳು ನಕ್ಕದ್ದರಿಂದಲೇ ಅದು ಕನಸೆಂದು ಅವನಿಗೆ ಗೊತ್ತಾಗಬೇಕಿತ್ತು.

ಏಕೆಂದರೆ ನಿಜವಾದ ನಿದಿಯಾ ಮೂರು ವಾರದಿಂದ ನಕ್ಕಿರಲಿಲ್ಲ. ಅವರ ಮನೆಯ ಗೇಟಿನ ಮುಂದೆ ಒಂದು ಕೆಸರುಗುಂಡಿ ಇತ್ತು. ಮಳೆಗಾಲದಲ್ಲಿ ಅದು ಹಾಲಿನ ಕ್ಯಾನುಗಳನ್ನು, ಬೂಟುಗಳನ್ನು, ಒಮ್ಮೆ ಪಾದ್ರಿಗಳ ಸೈಕಲ್ಲನ್ನೂ ನುಂಗಿತ್ತು. ಈ ಸಲ ನಿದಿಯಾ ಗೊಣಗುವುದನ್ನೂ ಬಿಟ್ಟು, ಚಕ್ರದ ಸೂಟ್‌ಕೇಸನ್ನು ತುಂಬಿ, ತಂದು ಬಾಗಿಲಲ್ಲಿಟ್ಟಿದ್ದಳು.

"ಡಾಂಬರು ಈ ಗೇಟಿಗೆ ಬಂದ್ರೆ ನಾನಿರ್ತೀನಿ. ಬರ್ದಿದ್ರೆ ಪೇಟೇಲಿರೋ ನನ್ನ ತಂಗಿ ಮನೆಗೆ ಹೋಗ್ತೀನಿ," ಎಂದಳು ಅವತ್ತು ಬೆಳಿಗ್ಗೆ, ಕಾಫಿಯ ಬಟ್ಟೆ ಚೀಲಕ್ಕೆ ಬಿಸಿನೀರು ಸುರಿಯುತ್ತಾ. "ಇವತ್ತು ಇಂಜಿನಿಯರು ಅಳೆಯೋಕೆ ಬರ್ತಾರಂತಲ್ಲ. ಸಂಜೆ ನೋಡೋಣ."

ಇಂಜಿನಿಯರು ಮರಿಸೇಲಾ ಉಮಾನ್ಯ ಮಂಜಿನೊಳಗಿಂದ ಜೀಪಿನಲ್ಲಿ ಬಂದಳು. ಹಿಂದಿನ ಸೀಟಿನ ತುಂಬ ಯಾವುದೋ ಸಸಿ ಕುಂಡ ಸಮೇತ ಕೂತಿತ್ತು, ತವರಿಗೆ ಹೊರಟ ಮದುಮಗಳ ಹಾಗೆ, ಕಿಟಕಿಯಿಂದ ಮೂರೇ ಮೂರು ಎಲೆ ಚಾಚಿಕೊಂಡು. ಅಮ್ಮನ ಮನೆಗೆ ಒಯ್ಯುತ್ತಿರಬೇಕೆಂದುಕೊಂಡು ಯಾರೂ ಕೇಳಲಿಲ್ಲ.

"ದೋನ್ ಎವರಿಸ್ತೊ, ಮರ ಎಲ್ಲಿ?"

"ಯಾವ ಮರ, ಇಂಜಿನಿಯರಮ್ಮ?"

"ಅತ್ತಿಮರ. ಅಲ್ಲಿಂದ ತಾನೆ ಅಳೀಬೇಕಾಗಿರೋದು."

"ಓ, ಅದಾ. ಅದು ಬಿದ್ದುಹೋಯ್ತು."

"ಯಾವಾಗ?"

"ನಾನು ಹುಟ್ಟೋಕೆ ಮುಂಚೆ."

ಮರಿಸೇಲಾ ಊರಿನ ಮೈದಾನವನ್ನೊಮ್ಮೆ ನೋಡಿದಳು. ಒಂದು ಕಡೆ ಇಗರ್ಜಿ, ಒಂದು ಕಡೆ ಅಂಗಡಿ, ನಡುವೆ ಫುಟ್‌ಬಾಲ್ ಗೋಲಿನ ಕಂಬಗಳು, ಅವುಗಳಿಗೆ ಕಟ್ಟಿದ ಹಸು. "ಅಲ್ಲ, ನಿಮ್ಮ ಹೋಬಳೀಲಿ ಎಲ್ಲರ ವಿಳಾಸಾನೂ ಅತ್ತಿಮರದಿಂದ ಇಷ್ಟು ಮೀಟರು, ಅಷ್ಟು ಮೀಟರು ಅಂತಾನೇ ಇದೆಯಲ್ಲ. ಮರಾನೇ ಇಲ್ದೆ ಇಷ್ಟು ದಿನ ಎಲ್ಲಿಂದ ಅಳೀತಿದ್ರಿ?"

"ಅಳೀತಿರಲಿಲ್ಲ. ಹೇಳ್ತಿದ್ವಿ, ಅಷ್ಟೆ."

ಇದು ನಿಜ. ಆ ಮರದ ಮೇಲೆ ಅಲ್ಲಿಯವರೆಗೆ ಯಾರಿಗೂ ಸಂಶಯ ಬಂದಿರಲಿಲ್ಲ. ಕಾಗದಗಳು ಬರುತ್ತಿದ್ದವು, ಮದುವೆ ದಿಬ್ಬಣಗಳು ಬರುತ್ತಿದ್ದವು, ಎಲ್ಲವೂ ಇಲ್ಲದ ಮರದಿಂದ ಎಡಕ್ಕೋ ಬಲಕ್ಕೋ ತಿರುಗಿ ಸರಿಯಾದ ಮನೆಗೇ ಸೇರುತ್ತಿದ್ದವು. ಈಗ ಅದಕ್ಕೆ ಡಾಂಬರು ಅಂಟಿಕೊಂಡಿದ್ದರಿಂದ ಮರ ಒಮ್ಮೆಲೇ ಚಿಗುರಿತು.

"ನನ್ನ ಅಂಗಡಿ ಬಾಗಿಲಲ್ಲೇ ಇತ್ತು," ಎಂದಳು ಅಂಗಡಿಯ ದೋನ್ಯ ಎರ್ಮೆಲಿಂಡ, ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿದವಳ ಗತ್ತಿನಲ್ಲಿ ಮುಂದೆ ಬಂದು. "ನಮ್ಮಜ್ಜಿ ಉಪ್ಪು ತೂಗ್ತಿದ್ರೆ ಹಣ್ಣು ತಕ್ಕಡಿ ಒಳಗೇ ಬೀಳ್ತಿತ್ತಂತೆ."

"ಹಂಗಾದ್ರೆ ಹಣ್ಣನ್ನೂ ಉಪ್ಪಿನ ರೇಟಿಗೇ ಮಾರಿರ್ತಾರೆ ಬಿಡಿ," ಎಂದ ಫುಟ್‌ಬಾಲ್ ಸಂಘದ ತೋಬಿಯಾಸ್. ಅವನ ಮನೆ ಇಗರ್ಜಿಯ ಮಗ್ಗುಲಲ್ಲಿತ್ತು. "ಇಂಜಿನಿಯರಮ್ಮ, ಮರ ಇದ್ದಿದ್ದು ಇಗರ್ಜಿ ಮೆಟ್ಟಿಲ ಹತ್ರ. ನೋಡಿ, ಇಲ್ಲಿ, ನಾನು ನಿಂತಿದೀನಲ್ಲ, ಇಲ್ಲೇ."

ಎವರಿಸ್ತೊ ಮನಸ್ಸಿನಲ್ಲೇ ಮತ್ತೊಮ್ಮೆ ಲೆಕ್ಕ ಹಾಕಿದ. ಅಂಗಡಿಯಿಂದಾಗಲಿ ಇಗರ್ಜಿಯಿಂದಾಗಲಿ ಅಳೆದರೆ ಡಾಂಬರು ಅವನ ಪಕ್ಕದ ಮನೆಯ ಬೇಲಿಯ ಹತ್ತಿರ ಬಂದು, ಅವನ ಕೆಸರುಗುಂಡಿಯನ್ನು ಇಣುಕಿ ನೋಡಿ ನಿಂತುಬಿಡುತ್ತದೆ. ಮರ ಮೈದಾನದ ಪೂರ್ವದ ಅಂಚಿನಲ್ಲಿದ್ದರೆ ಮಾತ್ರ ಅವನ ಗೇಟು ಮುಟ್ಟುತ್ತದೆ. ಅವನು ಮೆಲ್ಲಗೆ ಹೋಗಿ ಪೂರ್ವದ ಅಂಚಿನಲ್ಲಿ ನಿಂತ.

"ನಮ್ಮಪ್ಪ ತೋರಿಸಿದ್ದು ಈ ಜಾಗಾನ."

"ನಿಮ್ಮಪ್ಪ ಊರಿಗೆ ಬಂದಿದ್ದೇ ಮರ ಬಿದ್ದ ಮೇಲೆ ಅಲ್ವಾ?" ಎಂದ ತೋಬಿಯಾಸ್.

"ಬಿದ್ದ ಮರಾನೇ ತೋರಿಸಿದ್ರು."

ಸುದ್ದಿ ಹಬ್ಬಿತು. ಇಳಿಜಾರಿನ ಕಾಫಿ ತೋಟಗಳಿಂದ, ಹಟ್ಟಿಗಳಿಂದ ಜನ ಇಳಿದು ಬಂದರು. ಯಾರ ಮಾತನ್ನು ಯಾರೂ ಒಪ್ಪದೆ, ಒಬ್ಬೊಬ್ಬರೂ ತಮ್ಮ ತಮ್ಮ ಮರದ ಜಾಗದಲ್ಲಿ ಹೋಗಿ ನಿಂತು, ಇಂಜಿನಿಯರಮ್ಮನಿಗೆ ಮಂಜಿನಲ್ಲಿ ಕಾಣಲೆಂದು ಕೈಗಳನ್ನು ಮೇಲೆತ್ತಿದರು. ಕೈ ಸೋತವರು ಕೊಂಬೆ ಬಾಗಿದ ಹಾಗೆ ಒಂದೇ ಕೈ ಇಳಿಸಿದರು. ಮಂಜು ಅವರ ಬೆರಳುಗಳ ನಡುವೆ ಹಾದು ಹೋಗುತ್ತಿತ್ತು. ಯಾವುದೋ ಹಕ್ಕಿ ತೋಬಿಯಾಸನ ಟೋಪಿಯ ಮೇಲೆ ಕೂತು, ಯೋಚಿಸಿ, ಎದ್ದು ಹೋಯಿತು. ತಾವು ನಿಜವಾಗಿ ಮರಗಳೇ ಇರಬಹುದೇನೋ ಎಂದು ಅವರಲ್ಲಿ ಕೆಲವರಿಗಾದರೂ ಅನಿಸಿರಬೇಕು.

"ನನಗೆ ಮರ ಬೇಕು ಅಂದೆ," ಎಂದಳು ಮರಿಸೇಲಾ. "ನೀವು ತೋಪು ಕೊಡ್ತಿದೀರ."

ಎವರಿಸ್ತೊ ಇದಕ್ಕೇ ಕಾಯುತ್ತಿದ್ದ. "ಮರಾನ ಕಣ್ಣಾರೆ ಕಂಡೋರು ಒಬ್ರೇ ಉಳಿದಿರೋದು. ಕ್ರಿಸಾಂತೊ ತಾತ. ಚಿಕ್ಕೋರಿದ್ದಾಗ ದಿನಾ ಮಧ್ಯಾಹ್ನ ಅದರ ಕೆಳಗೇ ಮಲಗ್ತಿದ್ರಂತೆ. ಈಗ ಕಣ್ಣು ಕಾಣಲ್ಲ, ಆದ್ರೆ ಮೈ ಮರೆಯತ್ತಾ? ಅವರನ್ನ ಮೈದಾನದ ಸುತ್ತ ಹೊತ್ಕೊಂಡು ಹೋಗೋಣ. ಎಲ್ಲಿ ನಿದ್ದೆ ಬರತ್ತೋ ಅಲ್ಲೇ ಮರ."

ಸಲಹೆಯಲ್ಲಿ ಒಂದು ತೂಕವಿತ್ತು. ಎಲ್ಲರೂ ಒಪ್ಪಿದರು, ತಾತನಿಗೆ ನಿದ್ದೆ ಎಲ್ಲಿ ಬಂದರೂ ಅದೇ ಕೊನೆ, ಮತ್ತೆ ತಕರಾರಿಲ್ಲವೆಂದು ಇಗರ್ಜಿಯ ಕಡೆಗೆ ಕೈ ಮುಗಿದರು. ಬೆಳಿಗ್ಗೆಯೇ ಎವರಿಸ್ತೊ ತಾತನ ಮನೆಗೆ ಹೋಗಿ ದೊಡ್ಡ ಲೋಟದ ತುಂಬ ಬಿಸಿ ಹಾಲು ಬೆರೆಸಿದ ಬೆಲ್ಲದ ನೀರು ಕುಡಿಸಿ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಕುಡಿದವರು ನಿದ್ದೆ ಹೋಗದೆ ಮೈದಾನದ ಪೂರ್ವದ ಅಂಚನ್ನು ದಾಟುವುದಿಲ್ಲವೆಂದು ಅವನ ಅಂದಾಜು.

ತಾತನನ್ನು ಹೊರುವುದು ಹೇಗೆ? ಹಬ್ಬದಲ್ಲಿ ಸಂತ ಇಸಿದ್ರೊನನ್ನು ಹೊರುವ ಅಡ್ಡೆ ಇಗರ್ಜಿಯಲ್ಲಿತ್ತು. ಸಂತನನ್ನು ಇಳಿಸಿ, ಅದರ ಮೇಲೆ ಕುರ್ಚಿ ಕಟ್ಟಿ, ತಾತನನ್ನು ಕೂರಿಸಿದರು. ದಾರಿ ತಿರುಗಿಸಲು ಅನುಕೂಲವೆಂದು ಎವರಿಸ್ತೊ ಮುಂದಿನ ಬಲಗೈ ಕಡೆಯ ಹೆಗಲು ಕೊಟ್ಟ. ಅಡ್ಡೆ ಎದ್ದದ್ದೇ ತಡ, ಗಂಟೆ ಬಾರಿಸುವವನು ಅಭ್ಯಾಸಬಲದಿಂದ ಗಂಟೆ ಬಾರಿಸಿದ. ಹೆಂಗಸರು ಅಭ್ಯಾಸಬಲದಿಂದ ಶಿಲುಬೆಯ ಗುರುತು ಹಾಕಿಕೊಂಡರು. ತಾತ ಅತ್ತ ಇತ್ತ ತಿರುಗಿ ಆಶೀರ್ವಾದ ಮಾಡಿದರು.

ಆದರೆ ನಿದ್ದೆ ಮಾಡಲಿಲ್ಲ. ಅಷ್ಟು ವರ್ಷ ಜಗುಲಿ ಬಿಟ್ಟು ಇಳಿಯದವರನ್ನು ಊರೇ ಹೊತ್ತು ಮೆರೆಸುವಾಗ ಕಣ್ಣು ಮುಚ್ಚುವಷ್ಟು ಅರಸಿಕರಲ್ಲ ಅವರು.

"ಇಲ್ಲೇ ಹೇಸರಗತ್ತೆಯೋರು ಇಳೀತಿದ್ದಿದ್ದು," ಎಂದರು, ಅಂಗಡಿಯ ಹತ್ತಿರ ಬಂದಾಗ, ಕಾಣದ ಕಣ್ಣನ್ನು ದೂರಕ್ಕೆ ನೆಟ್ಟು. "ಕಾಫಿ ಮೂಟೆ ಹೇರ್ಕೊಂಡು ಸಮುದ್ರದ ಕಡೆ ಹೋಗೋರು. ನೆರಳಲ್ಲಿ ಕೂತ್ರು. ಕೆಲವ್ರಿಗೆ ಏಳೋಕೆ ಮನಸ್ಸು ಬರಲಿಲ್ಲ. ಹಂಗೆ ಕೂತೋರಿಂದಾನೇ ಊರಾಯ್ತು."

"ಅಂದ್ರೆ ಸೋಮಾರಿಗಳ ಊರು ಅನ್ನಿ ತಾತ," ಎಂದ ಹಿಂದಿನಿಂದ ತೋಬಿಯಾಸ್.

"ಮೊದಲು ಕೂತೋನು ನಿಮ್ಮ ಮುತ್ತಜ್ಜ ಕಣಪ್ಪ."

ಎರ್ಮೆಲಿಂಡಳ ಅಂಗಡಿ ದಾಟಿತು, ನಿದ್ದೆ ಬರಲಿಲ್ಲ. ಇಗರ್ಜಿ ದಾಟಿತು, ಬರಲಿಲ್ಲ. ಪೂರ್ವದ ಅಂಚಿನಲ್ಲಿ ಎವರಿಸ್ತೊ ಬೇಕೆಂದೇ ಹೆಜ್ಜೆ ನಿಧಾನ ಮಾಡಿ, ಅಡ್ಡೆಯನ್ನು ತೊಟ್ಟಿಲಿನಂತೆ ತೂಗಿದ.

"ಯಾಕಪ್ಪ ಸುಸ್ತಾಯ್ತಾ? ನಡಿ ನಡಿ," ಎಂದರು ತಾತ. "ಇಲ್ಲಿ, ಈ ದಾರೀಲೇ, ನಮ್ಮನ್ನ ಹೋಬಳಿ ಮಾಡಿ ರಾಜಧಾನಿಯಿಂದ ಬಂದ ಆಜ್ಞೆ ಓದಿದ್ರು. ಬಿಸಿಲು ಜಾಸ್ತಿ ಇತ್ತು. ಓದ್ತಾ ಓದ್ತಾ ಆ ಮನುಷ್ಯ ನಿದ್ದೆ ಹೋಗ್ಬಿಟ್ಟ. ಅರ್ಧಕ್ಕೇ ಚಪ್ಪಾಳೆ ತಟ್ಟಿ ಊಟಕ್ಕೆದ್ರು. ಅದಕ್ಕೇ ನೋಡಿ, ಪೂರ್ವದ ಗಡಿ ಎಲ್ಲಿಗೆ ಮುಗಿಯತ್ತೆ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ."

ಮೈದಾನ ಹಿಂದೆ ಉಳಿಯಿತು. ಮೆರವಣಿಗೆ ಸ್ಮಶಾನದ ರಸ್ತೆ ಹಿಡಿಯಿತು. ಮೊದಲು ಎವರಿಸ್ತೊನಿಗೆ ಖುಷಿಯೇ ಆಯಿತು. ಮರ ಪೂರ್ವಕ್ಕೆ ಹೋದಷ್ಟೂ ಡಾಂಬರು ಅವನ ಗೇಟು ಹಾದು ಮುಂದೆ ಹೋಗುತ್ತದೆ. ಬರಬರುತ್ತಾ ಹೆಗಲು ನೋಯತೊಡಗಿತು. ಮಂಜು ಇಳಿದು ಎಲ್ಲರ ಕಾಲನ್ನೂ ಮುಚ್ಚಿತ್ತು. ಊರು ನೆಲ ಬಿಟ್ಟು ತೇಲುತ್ತಿದೆ ಎನ್ನುವ ಹಾಗೆ ಕಾಣುತ್ತಿತ್ತು. ಎದುರಿಗೆ ಅವನದೇ ಮನೆ ತೇಲಿ ಬಂತು. ಗೇಟಿನ ಹಿಂದೆ ನಿದಿಯಾ, ಅವಳ ಪಕ್ಕದಲ್ಲಿ ಸೂಟ್‌ಕೇಸು.

"ಇಳಿಸ್ರೋ ಸ್ವಲ್ಪ, ಭುಜ ಹೋಯ್ತು," ಎಂದ ತೋಬಿಯಾಸ್.

ಗುಂಡಿ ಬಿಟ್ಟು ಒಣಗಿದ ನೆಲ ಇದ್ದದ್ದು ಗೇಟಿನ ಬಾಯಲ್ಲಿ ಮಾತ್ರ. ಅಲ್ಲಿ ಇಳಿಸಿದರು. ಒಳಗಿನಿಂದ ಕಾಫಿಯ ಘಮ ಬರುತ್ತಿತ್ತು. ತಾತ ಒಮ್ಮೆ ಉಸಿರೆಳೆದುಕೊಂಡರು, ಗದ್ದ ಎದೆಗೆ ಬಿತ್ತು. ಗೊರಕೆ ಶುರುವಾಯಿತು.

ಎರ್ಮೆಲಿಂಡ ಬಗ್ಗಿ ತಾತನ ಮುಖ ನೋಡಿದಳು. "ನಿಜವಾದ ನಿದ್ದೆ," ಎಂದಳು ಬೇಸರದಿಂದ. ಮಾತು ತಪ್ಪುವಂತಿರಲಿಲ್ಲ, ಇಗರ್ಜಿಯ ಕಡೆಗೆ ಕೈ ಮುಗಿದಾಗಿತ್ತು. ತನಗಂತೂ ಸಿಗಲಿಲ್ಲ, ತೋಬಿಯಾಸನಿಗೂ ಸಿಗಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. "ನಮ್ಮ ವಿಳಾಸಗಳ ಗತಿ?" ಎಂದು ಯಾರೋ ಕೇಳಿದರು. "ಮೊದಲು ಮರ ಇತ್ತು ಅಂದ್ಕೊಂಡಿದ್ದ ಜಾಗದಿಂದ ಅಂತ ಬರೆದ್ರಾಯ್ತು," ಎಂದಳು ಅವಳೇ.

ಎವರಿಸ್ತೊ ಹೆಂಡತಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರೇ ಬಂದಿತ್ತು. "ನೋಡಿದ್ಯಾ ನಿದಿಯಾ? ಗೇಟಿಗೆ ಬರೋದಲ್ಲ, ಡಾಂಬರು ನಮ್ಮ ಗೇಟಿಂದಾನೇ ಶುರು."

ನಿದಿಯಾ ಸೂಟ್‌ಕೇಸಿನ ಹಿಡಿಯಿಂದ ಕೈ ತೆಗೆದಳು. ಮೂರು ವಾರದಲ್ಲಿ ಮೊದಲ ಸಲ ಅವಳ ತುಟಿಯಂಚು ಸಡಿಲವಾಯಿತು. ಅದು ಪೂರ್ತಿ ನಗುವಾಗುವ ಮೊದಲು ಜೀಪು ಬಂದು ನಿಂತಿತು. ಮರಿಸೇಲಾ ಇಳಿದು ಹಿಂದಿನ ಸೀಟಿನಿಂದ ಆ ಸಸಿಯನ್ನು ಹುಷಾರಾಗಿ ಎತ್ತಿಕೊಂಡು ಬಂದಳು.

"ತಾತನ್ನ ಸ್ವಲ್ಪ ಈ ಕಡೆ ಸರಿಸ್ತೀರಾ? ಇದನ್ನ ನೆಡಬೇಕು."

"ಏನಿದು?" ಎಂದ ಎವರಿಸ್ತೊ.

"ಅತ್ತಿ ಸಸಿ. ಯಾಕೆ, ಠರಾವಲ್ಲೇ ಇದೆಯಲ್ಲ. ಹಳೇ ಮರ ಇದ್ದ ಜಾಗದಲ್ಲೇ ಹೊಸದನ್ನ ನೆಟ್ಟು ಬೇಲಿ ಹಾಕಬೇಕು, ಹೋಬಳಿಯ ನೆನಪಿಗೆ. ಬೇರು ರಸ್ತೆ ಎಬ್ಬಿಸಬಾರದು ಅಂತ ಡಾಂಬರನ್ನ ಐವತ್ತು ಮೀಟರು ಬಿಟ್ಟು ಶುರು ಮಾಡಬೇಕು. ಆ ಕಡೆಗೆ, ಸ್ಮಶಾನದ ದಿಕ್ಕಿಗೆ. ಈ ಗುಂಡಿ ಮುಚ್ಚೋ ಹಾಗಿಲ್ಲ, ಸಸಿಗೆ ತೇವ ಬೇಕು. ಅಧ್ಯಕ್ಷರು ಎಲ್ಲಾ ಓದಿದ್ರಲ್ಲ ದೋನ್ ಎವರಿಸ್ತೊ. ನಾನೂ ಇದ್ದೆ, ನೀವು ಕಣ್ಣು ಮುಚ್ಕೊಂಡು ಎಷ್ಟು ಚೆನ್ನಾಗಿ ತಲೆದೂಗ್ತಿದ್ರಿ. ದಿನಾ ನೀರು ಹಾಕೋ ಜವಾಬ್ದಾರಿ ಸಿಂದಿಕೊದು ಅಂದಾಗಲೂ ತಲೆದೂಗಿದ್ರಿ."

ಕುಳಿ ತೋಡಿದರು, ಸಸಿ ಇಟ್ಟರು, ಗೇಟಿನ ಬಾಯಿಗೆ ಅಡ್ಡಲಾಗಿ ಬೇಲಿ ಬಿಗಿದರು. ತೋಬಿಯಾಸ್ ಮನಸಾರೆ ಕೈ ಸೇರಿಸಿದ. ಕೆಲಸ ಮುಗಿದ ಮೇಲೆ ಒಬ್ಬರು ಮಗ್ಗುಲಾಗಿ, ಹೊಟ್ಟೆ ಎಳೆದುಕೊಂಡು ಹಾಯುವಷ್ಟು ಸಂದಿ ಉಳಿದಿತ್ತು.

ನಿದಿಯಾ ಎಲ್ಲರಿಗೂ ಕಾಫಿ ಕೊಟ್ಟಳು. ಲೋಟಗಳನ್ನು ತೊಳೆದು ಕವುಚಿಟ್ಟಳು. ಆಮೇಲೆ ಸೂಟ್‌ಕೇಸು ತಲೆಯ ಮೇಲೆತ್ತಿಕೊಂಡು ಆ ಸಂದಿಯಲ್ಲಿ ಮಗ್ಗುಲಾಗಿ ಹೊರಗೆ ಬಂದಳು.

"ಇಂಜಿನಿಯರಮ್ಮ, ಪೇಟೆವರೆಗೆ ಜಾಗ ಇದೆಯಾ?"

"ಬನ್ನಿ ದೋನ್ಯ ನಿದಿಯಾ. ಬರೋವಾಗ ಇರಲಿಲ್ಲ, ಈಗಿದೆ."

ಸಸಿ ಕೂತು ಬಂದಿದ್ದ ಸೀಟಿನಲ್ಲಿ ಸೂಟ್‌ಕೇಸು ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು.

"ನಿದಿಯಾ," ಎಂದ ಎವರಿಸ್ತೊ ಬೇಲಿಯ ಹಿಂದಿನಿಂದ, "ಕಾಗದ ಆದ್ರೂ ಬರಿತೀಯಾ?"

"ಬರಿತೀನಿ. ವಿಳಾಸ ಸುಲಭ ಆಯ್ತಲ್ಲ, ಅತ್ತಿಮರದಿಂದ ಸೊನ್ನೆ ಮೀಟರು." ಅವಳು ಸಸಿಯನ್ನೊಮ್ಮೆ ನೋಡಿದಳು. "ಅದಕ್ಕೆ ನೆರಳು ಬಂದ್ಮೇಲೆ ಹೇಳಿ ಕಳಿಸಿ. ಬರ್ತೀನಿ."

ಜೀಪು ಗುಂಡಿಯನ್ನು ಬಳಸಿ, ಮಂಜಿನೊಳಗೆ ಹೋಯಿತು. ಊರಿನವರು ಖಾಲಿ ಅಡ್ಡೆ ಹೊತ್ತು ಸಂತನಿಗೆ ಜಾಗ ಬಿಟ್ಟುಕೊಡಲು ಹೊರಟರು. ತಾತನನ್ನು ಆಮೇಲೆ ಒಯ್ಯುತ್ತೇವೆಂದು ಎವರಿಸ್ತೊನ ಜಗುಲಿಯಲ್ಲೇ ಬಿಟ್ಟರು.

ಎವರಿಸ್ತೊ ಅವರ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ತಾತ ಕಣ್ಣು ಬಿಟ್ಟರು.

"ಎಲ್ಲಿದೀನಿ?"

"ಮರದ ಕೆಳಗೆ, ತಾತ. ನೀವು ಚಿಕ್ಕೋರಿದ್ದಾಗ ಮಲಗ್ತಿದ್ರಲ್ಲ, ಆ ಅತ್ತಿಮರ."

"ಅತ್ತಿಮರದ ಕೆಳಗಾ?" ತಾತನಿಗೆ ಆಶ್ಚರ್ಯವಾಯಿತು. "ಅದರ ಕೆಳಗೆ ಯಾರಪ್ಪ ಮಲಗ್ತಾರೆ? ಮೈ ತುಂಬ ಇರುವೆ ಹತ್ತತ್ತೆ. ನಾನು ಮಲಗ್ತಿದ್ದದ್ದು ಪಾದ್ರಿಗಳ ಮಾವಿನ ಮರದ ಕೆಳಗೆ. ಈ ಅತ್ತಿಮರ ಎಲ್ಲಿತ್ತು ಅಂತ ನನಗೆ ಸರಿಯಾಗಿ ನೆನಪೂ ಇಲ್ಲ." ಅವರು ಮೂಗನ್ನು ಗಾಳಿಗೆ ಎತ್ತಿದರು. "ಅದಿರಲಿ, ಒಳ್ಳೇ ಕಾಫಿ ವಾಸನೆ ಬರ್ತಿತ್ತಲ್ಲ. ಒಂದು ಲೋಟ ಸಿಗತ್ತಾ ನೋಡು."

ಎವರಿಸ್ತೊನಿಗೆ ಕಾಫಿ ಮಾಡಲು ಬರುತ್ತಿರಲಿಲ್ಲ. ಮಂಜು ಸ್ವಲ್ಪ ಹರಿದು ಬಿಸಿಲು ಬಿತ್ತು. ಸಸಿಯ ಮೂರು ಎಲೆಗಳ ನೆರಳು ಕೆಸರಿನ ಮೇಲೆ ಅಂಗೈಯಷ್ಟಗಲ ಮೂಡಿ, ಗಾಳಿಗೆ ಅಲುಗುತ್ತಿತ್ತು. ಅವನು ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದ. ಆಮೇಲೆ ನೀರಿನ ಕೊಡ ತರಲು ಎದ್ದ.