ಅತ್ತೆ ತೊಳೆದ ಕ್ರಿಸ್‌ಮಸ್ ತಾತನ ಪಾದ

ಅವತ್ತು ಸಂಜೆ ತುಮಕೂರಿನ ನಮ್ಮ ಮನೆಯ ಹಾಲ್‌ನಲ್ಲಿ ಇದ್ದವರು ಮೂರೇ ಜನ: ಹೆಂಡತಿ ಶಾರದೆ, ಎರಡನೇ ಕ್ಲಾಸಿನ ಮಗಳು ಚಿನ್ನು, ಹಿಂದಿನ ದಿನವಷ್ಟೇ ಗುಬ್ಬಿ ಹತ್ತಿರದ ಕಡಬದಿಂದ ಬಂದಿಳಿದಿದ್ದ ನನ್ನ ಅತ್ತೆ. ನಾಲ್ಕನೆಯವನಾದ ನಾನು ಮೆಟ್ಟಿಲ ಕೆಳಗೆ ಸ್ಕೂಟರ್ ಮರೆಯಲ್ಲಿ ನಿಂತು ಹತ್ತಿಯ ಗಡ್ಡ ಕಟ್ಟಿಕೊಳ್ಳುತ್ತಿದ್ದೆ.

ಇದಕ್ಕೆಲ್ಲ ಕಾರಣ ಚಿನ್ನುವಿನ ಪಕ್ಕದ ಬೆಂಚಿನ ಹುಡುಗಿ. ಕ್ರಿಸ್‌ಮಸ್ ತಾತ ಇಲ್ಲವೇ ಇಲ್ಲ, ಅದೆಲ್ಲ ಅಪ್ಪಂದಿರ ನಾಟಕ ಅಂದುಬಿಟ್ಟಿದ್ದಳಂತೆ. ನಮ್ಮವಳು ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಊರ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ನಾನು, ಮೊಬೈಲಲ್ಲಿ ಓದಿದ್ದನ್ನು ಹೇಳಿ ಸಮಾಧಾನ ಮಾಡಲು ಹೋದೆ. "ತಾತ ನಿಜವಾಗ್ಲೂ ಇದ್ರು ಕಣೇ. ಬಹಳ ಹಿಂದೆ, ಸಮುದ್ರದಾಚೆ ಒಬ್ಬ ಬಿಷಪ್ಪರು, ಅಂದ್ರೆ ನಮ್ಮ ಮಠದ ಗುರುಗಳ ಥರ. ಬಡವರ ಮನೇಗೆ ಗುಟ್ಟಾಗಿ ದಾನ ಮಾಡೋರು. ಈ ಹೊಟ್ಟೆ, ಹಿಮಸಾರಂಗದ ಗಾಡಿ, ಹೋ ಹೋ ಅನ್ನೋ ನಗು, ಇದೆಲ್ಲ ಆಮೇಲೆ ಕತೆ ಕಟ್ಟೋರು, ಚಿತ್ರ ಬರೆಯೋರು ಸೇರಿಸಿದ್ದು." ಮಗಳು ಕೇಳಿಸಿಕೊಂಡು, "ಹಂಗಾದ್ರೆ ಈಗ ಇಲ್ವಾ?" ಅಂದಳು. ಇತಿಹಾಸ ಹೇಳಿ ಕೆಟ್ಟೆ. ಇನ್ನು ತಾತ ಬರಲೇಬೇಕಿತ್ತು. ಹೊಟ್ಟೆ ಹೇಗೂ ಸ್ವಂತದ್ದು, ಡ್ರೆಸ್ ಬಾಡಿಗೆಗೆ ತಂದೆ.

ಶಾರದೆಗೆ ವಿಷಯ ಗೊತ್ತಿತ್ತು. ಅತ್ತೆಗೆ ಹೇಳುವುದನ್ನು ಇಬ್ಬರೂ ಮರೆತೆವು. ಬಾಗಿಲು ತೆರೆದವರು ಅವರೇ. ಎದುರಿಗೆ ಎದೆ ಮುಟ್ಟುವ ಬಿಳಿ ಗಡ್ಡ, ಕೈಯಲ್ಲಿ ಕೋಲು, ಹೆಗಲಲ್ಲಿ ಜೋಳಿಗೆ. ಮುಸ್ಸಂಜೆಯಲ್ಲಿ, ಪೊರೆ ಬಂದ ಕಣ್ಣಿಗೆ ಕೆಂಪಿಗೂ ಕಾವಿಗೂ ಅಷ್ಟೇನು ದೂರವಿಲ್ಲ.

"ಬುದ್ಧಿ, ಅಲ್ಲೇ ನಿಂತ್ಕಳಿ" ಎಂದು ಒಳಗೆ ಓಡಿ ನೀರಿನ ತಂಬಿಗೆ ತಂದರು. ನಾನು ಹೋ ಹೋ ಎಂದು ಶುರುಮಾಡಿದೆ. "ಮಾತಾಡ್ಬೇಡಿ ಬುದ್ಧಿ, ದಣ್ದಿದೀರಿ" ಎಂದು ಕುರ್ಚಿಯಲ್ಲಿ ಕೂರಿಸಿದರು. ಶಾರದೆಯ ಕಡೆ ತಿರುಗಿ, "ಏನ್ಲೇ ನೋಡ್ತಾ ನಿಂತಿದೀಯ, ತಟ್ಟೆ ತತ್ತಾ. ನಿನ್ ಗಂಡ ಎಲ್ಲೋದ? ಗುರುಗಳು ಬಂದ ಹೊತ್ನಲ್ಲೇ ಮನೇಲಿರಲ್ಲ. ಅವನ್ ಹಣೇಬರಾನೇ ಅಷ್ಟು ಬುಡು" ಅಂದರು.

ಶಾರದೆ ಸೆರಗು ಬಾಯಿಗೆ ಒತ್ತಿಕೊಂಡು ತಟ್ಟೆ ಇಟ್ಟಳು. ಅತ್ತೆ ನನ್ನ ಬೂಟು, ಸಾಕ್ಸ್ ಬಿಚ್ಚಿ ಪಾದ ತೊಳೆಯತೊಡಗಿದರು. ಮದುವೆಯ ದಿನ ಒಮ್ಮೆ ತೊಳೆದದ್ದು ಬಿಟ್ಟರೆ, ಆ ಕೈಯಿಂದ ನನಗೆ ಒಂದು ಲೋಟ ಕಾಫಿ ಬಂದದ್ದೂ ಅಪರೂಪ. ನಿಜ ಹೇಳಬೇಕೆಂದರೆ, ಎದ್ದು ಓಡುವ ಮನಸ್ಸೂ ನನಗಾಗಲಿಲ್ಲ.

ಆಗ ಚಿನ್ನು ತಟ್ಟೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಫ್ಯಾಕ್ಟರಿಯಲ್ಲಿ ಕಬ್ಬಿಣದ ತುಂಡು ಬಿದ್ದು ಕಪ್ಪಾದ ನನ್ನ ಹೆಬ್ಬೆರಳಿನ ಉಗುರು ನೀರಲ್ಲಿ ಎದ್ದು ಕಾಣುತ್ತಿತ್ತು. ಅದಕ್ಕೆ ದಿನಾ ಎಣ್ಣೆ ಹಚ್ಚುವವಳು ಅವಳೇ. ಉಗುರು ನೋಡಿದಳು. ಗಡ್ಡ ನೋಡಿದಳು. ಆಮೇಲೆ ಅಜ್ಜಿ ಅಡ್ಡಬಿದ್ದೊಡನೆ ತಾನೂ ಅಡ್ಡಬಿದ್ದು, ನಾನು ಕೊಟ್ಟ ಬಣ್ಣದ ಡಬ್ಬಿ ತೆಗೆದುಕೊಂಡಳು.

ಮೂರು ದಿನದ ಮೇಲೆ ಅತ್ತೆಯನ್ನು ಗುಬ್ಬಿ ಬಸ್ಸಿಗೆ ಹತ್ತಿಸಲು ನಾನೂ ಚಿನ್ನುವೂ ಹೋದೆವು. ಅತ್ತೆ ಪಕ್ಕದ ಸೀಟಿನ ಹೆಂಗಸಿಗೆ, "ಗುರುಗಳೇ ನಮ್ ಮಗಳ್ ಮನೆ ಹುಡ್ಕೊಂಡ್ ಬಂದಿದ್ರು. ಅಳಿಯಂಗೆ ಮಾತ್ರ ದರ್ಶನ ಸಿಕ್ಕಲಿಲ್ಲ" ಎನ್ನುತ್ತಿದ್ದರು. ಬಸ್ಸು ಹೊರಟಿತು. ಚಿನ್ನು ಟಾಟಾ ಮಾಡಿ ಮುಗಿಸಿ ನನ್ನ ಬೆರಳು ಹಿಡಿದಳು.

"ಅಪ್ಪಾ, ಅಜ್ಜಿಗೆ ಹೇಳ್ಬೇಡ. ಪಾಪ, ಅವ್ರು ನಂಬ್ಕೊಂಡಿದಾರೆ."