ಒಂದೇ ಪ್ಲಗ್ಗಿನ ಸಂಸಾರ

ಇನ್ನು ಈ ಜನ್ಮದಲ್ಲಿ ಯಾರನ್ನೂ ಹಿಂದೆ ಹಾಕುವುದಿಲ್ಲ ಎಂದು ನಾನು ಘನಘೋರ ಪ್ರತಿಜ್ಞೆ ಮಾಡಿದ್ದು, ನಿಧಾನವಾಗಿ ಓಡುವ ಪುಟ್ಟ ಎಲೆಕ್ಟ್ರಿಕ್ ಗಾಡಿಗಳನ್ನು ನಗರದ ಬೀದಿಗಳಿಗೆ ಬಿಡುತ್ತಾರೆಂಬ ಸುದ್ದಿ ಓದಿದ ದಿನ. ವಿಮಾ ಕಚೇರಿಯಲ್ಲಿ ಕೂತು ಜಜ್ಜಿಹೋದ ಕಾರುಗಳ ಫೋಟೊ ನೋಡುವುದೇ ನನ್ನ ಕಸುಬು. ಹಾಗಾಗಿ ವೇಗ ಅಂದರೆ ನನಗೆ ಮೈಯೆಲ್ಲ ಉರಿ. 'ನಿಧಾನವಾಗಿ ಹೋಗುವುದನ್ನು ಈ ಊರು ಕಲಿಯಬೇಕು' ಎಂದು ಸಾರಿಗೆ ಇಲಾಖೆಯ ದೊಡ್ಡ ಸಾಹೇಬರು ಪೇಪರಿನಲ್ಲಿ ಅಪ್ಪಣೆ ಕೊಡಿಸಿದ್ದರು. ಆ ಮಾತನ್ನೂ ಅವರ ನಗುಮುಖವನ್ನೂ ಒಟ್ಟಿಗೆ ಕತ್ತರಿಸಿ ಇಟ್ಟುಕೊಂಡೆ. ಗಾಡಿ ಕೊಂಡ ದಿನವೇ ಎದುರಿನ ಗಾಜಿನ ಮೂಲೆಗೆ ಅಂಟಿಸಿದೆ.

ಗಾಡಿಯೆಂದರೆ ಎಂಥ ಗಾಡಿ! ಇಬ್ಬರು ಕೂತ ಮೇಲೆ ಅದರೊಳಗೆ ಗಾಳಿ ಬರಬೇಕಾದರೂ ಅನುಮತಿ ಕೇಳಬೇಕು. ಹೆಂಡತಿ ಅದರ ಸುತ್ತ ಒಂದು ಸಲ ನಡೆದು, ಇದರ ಮುಂಭಾಗ ಯಾವ ಕಡೆಗಿದೆ ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತೊಂದರೆ ಶುರುವಾದದ್ದು ಪ್ಲಗ್ಗಿನಿಂದ. ನಮ್ಮ ಮನೆಯಲ್ಲಿ ಜಾಸ್ತಿ ಕರೆಂಟು ಎಳೆಯುವ ದೊಡ್ಡ ಪ್ಲಗ್ ಇರುವುದು ಒಂದೇ, ಅದೂ ಅಡುಗೆಮನೆಯಲ್ಲಿ. ಅಲ್ಲಿ ಅಷ್ಟು ವರ್ಷ ರಾಜ್ಯಭಾರ ಮಾಡಿದ್ದು ನನ್ನ ಹೆಂಡತಿಯ ಓವನ್. ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ನಾನು ಕಿಟಕಿಯಿಂದ ವೈರು ತೂರಿಸಿ ಗಾಡಿಯನ್ನೂ ಅದೇ ಪ್ಲಗ್ಗಿಗೆ ಸಿಕ್ಕಿಸತೊಡಗಿದೆ ನೋಡಿ, ಮನೆಯಲ್ಲಿ ಸವತಿಯರ ಕಾಟ ಶುರುವಾಯಿತು. ಅವಳು ನನ್ನದನ್ನು ಕೀಳುವುದು, ನಾನು ಅವಳದನ್ನು ಕೀಳುವುದು.

ಹೀಗಿರುವಾಗ ಅವಳಿಗೆ ಅದುವರೆಗಿನ ಅತಿ ದೊಡ್ಡ ಕೆಲಸ ಸಿಕ್ಕಿತು. ಯಾವುದೋ ಕಚೇರಿಯಲ್ಲಿ ಯಾರೋ ಅಧಿಕಾರಿಯ ಬೀಳ್ಕೊಡುಗೆ, ಮೂರಂತಸ್ತಿನ ಕೇಕ್. ಇದೊಂದು ಸರಿಯಾಗಿ ತಲುಪಿಬಿಟ್ಟರೆ ಇನ್ನು ಆ ಕಚೇರಿಯ ಕೇಕೆಲ್ಲ ತನಗೇ ಎಂದು ಅವಳು ಕುಣಿದಾಡಿಬಿಟ್ಟಳು. ಹಿಂದಿನ ಸಂಜೆ ನಾನು ಗಾಡಿ ಒರೆಸುತ್ತಿದ್ದಾಗ ಕಿಟಕಿಯಲ್ಲಿ ನಿಂತು ಏನೇನೋ ಹೇಳಿದಳು. ನಾನು ಹೂಂಗುಟ್ಟಿದೆ. ಮದುವೆಯಾದಂದಿನಿಂದ ನಾನು ಅತ್ಯಂತ ಜವಾಬ್ದಾರಿಯಿಂದ ಮಾಡಿಕೊಂಡು ಬಂದಿರುವ ಕೆಲಸ ಅದೊಂದೇ.

ಬೆಳಿಗ್ಗೆ ಅವಳು ಟ್ಯಾಕ್ಸಿ ಕರೆಯಲು ಹೊರಟಾಗ ನನ್ನ ಅಭಿಮಾನ ಭುಗಿಲೆದ್ದಿತು.

"ಟ್ಯಾಕ್ಸಿಯವನು ಒಂದು ಗುಂಡಿ ಹಾರಿಸಿದ್ರೆ ಸಾಕು, ನಿನ್ನ ಮೂರಂತಸ್ತು ನೆಲಮಾಳಿಗೆ ಆಗುತ್ತೆ. ನನ್ನ ಗಾಡೀಲಿ ಕೆನೆ ಹೂವಿನ ಒಂದು ಎಸಳೂ ಅಲ್ಲಾಡಲ್ಲ ಕಣೇ!"

ನಂಬಿದಳು, ಪಾಪ. ತೊಡೆಯ ಮೇಲೆ ಕೇಕಿನ ಪೆಟ್ಟಿಗೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಳು. ಎಸಳು ಅಲ್ಲಾಡಲಿಲ್ಲ ನಿಜ. ಆದರೆ ಗಾಡಿ ಯಾಕೋ ದಿನಕ್ಕಿಂತಲೂ ಸಾವಧಾನದಲ್ಲಿತ್ತು. ಊರುಗೋಲಿನ ಅಜ್ಜ ಒಬ್ಬರು ಕಿಟಕಿಗೆ ಸಮನಾಗಿ ನಡೆಯುತ್ತ, ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ವಿಚಾರಿಸಿ, ತಮಗೆ ಸ್ವಲ್ಪ ಅವಸರವಿದೆ ಎಂದು ಕ್ಷಮೆ ಕೇಳಿ ಮುಂದೆ ಹೋದರು. ಹಿಂದೆ ಒಂದು ಕಪ್ಪು ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಅದರ ಹಿಂದೆ ಬೀದಿ ಪೂರ್ತಿ ವಾಹನಗಳ ಬಾಲ. ಅಷ್ಟು ಜನಕ್ಕೆ ನಿಧಾನ ಕಲಿಸುತ್ತಿದ್ದೇನಲ್ಲ ಎಂದು ನಾನು ಎದೆಯುಬ್ಬಿಸಿದೆ.

ಇಕ್ಕಟ್ಟಾದ ಏರಿನ ನಟ್ಟನಡುವೆ ಗಾಡಿ ನಿಂತೇಬಿಟ್ಟಿತು.

"ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ದೆನಲ್ಲ!" ಅಂದೆ.

"ಅದನ್ನ ತೆಗೆದು ಓವನ್ ಹಾಕ್ಕೊಳ್ತೀನಿ, ಬೆಳಿಗ್ಗೆವರೆಗೂ ಬೇಕು ಅಂತ ಹೇಳಿದ್ನಲ್ಲ ರೀ. ಹೂಂ ಅಂದ್ರಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕೇಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ಕಣ್ಣಂಚು ಒದ್ದೆಯಾಯಿತು.

ಅಷ್ಟರಲ್ಲಿ ಕಪ್ಪು ಕಾರಿನಿಂದ ಸೂಟು ತೊಟ್ಟವರೊಬ್ಬರು ಇಳಿದು ದಾಪುಗಾಲು ಹಾಕಿಕೊಂಡು ಬಂದರು. ಕೆಂಪಾದ ಮುಖವನ್ನು ಕಿಟಕಿಯೊಳಗೆ ತೂರಿಸಿ ಗುಡುಗಿದರು.

"ಈ ಡಬ್ಬಿಗಳನ್ನೆಲ್ಲ ರಸ್ತೆಗೆ ಬಿಟ್ಟವನು ಯಾವನ್ರೀ?"

ನನ್ನ ಬೆರಳು ತಾನಾಗಿಯೇ ಎದ್ದು ಗಾಜಿನ ಮೂಲೆ ತೋರಿಸಿತು. ಅಲ್ಲಿ ಅವರೇ ನಗುತ್ತಿದ್ದರು. ಸಾಹೇಬರು ತಮ್ಮ ಫೋಟೊ ನೋಡಿದರು, ಕೆಳಗಿದ್ದ ತಮ್ಮ ಮಾತನ್ನು ಪೂರ್ತಿ ಓದಿದರು, ಟೈ ಸಡಿಲಿಸಿದರು.

ಹೆಂಡತಿ ಫೋಟೊದ ಕೆಳಗಿನ ಹೆಸರನ್ನೂ ಅವರ ಮುಖವನ್ನೂ ನೋಡಿ ಮೆಲ್ಲಗೆ ಕೇಕಿನ ಮುಚ್ಚಳ ತೆಗೆದಳು. ಕೆನೆಯ ಅಕ್ಷರದಲ್ಲಿ ಅವರ ಹೆಸರೇ ಇತ್ತು. "ನಿಮ್ಮ ಕಚೇರಿಯವರು ಹೇಳಿ ಮಾಡಿಸಿದ್ದು ಸರ್. ಹೊತ್ತಿಗೆ ಸರಿಯಾಗಿ ತರಬೇಕಿತ್ತು," ಅಂದಳು.

"ಹೊತ್ತಿನ ಚಿಂತೆ ಬಿಡಮ್ಮ. ನಾನೇ ಇಲ್ಲಿದೀನಲ್ಲ," ಎಂದರು ಸಾಹೇಬರು.

ಅವರೂ ಅವರ ಡ್ರೈವರೂ ನಾನೂ ಸೇರಿ ಗಾಡಿಯನ್ನು ಮಂಚ ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿದೆವು. ಕೇಕೂ ಹೆಂಡತಿಯೂ ಕಪ್ಪು ಕಾರಿಗೆ ವರ್ಗವಾದರು. ಮಿಕ್ಕ ಜಾಗವನ್ನೆಲ್ಲ ಹೂಗುಚ್ಛಗಳು ಹಿಡಿದಿದ್ದವು. ನಾನು ಬಾಗಿಲ ಬಳಿ ಹಲ್ಲು ಕಿರಿಯುತ್ತ ನಿಂತೆ. ಸಾಹೇಬರು ಗಾಜು ಏರಿಸುತ್ತ, "ನೀವು ನಿಧಾನವಾಗಿ ಬನ್ನಿ," ಅಂದರು.

ಬೆವರಿಳಿಸಿಕೊಂಡು ನಡೆದು ಕಚೇರಿ ಮುಟ್ಟುವ ಹೊತ್ತಿಗೆ ತಟ್ಟೆಗಳಲ್ಲಿ ಪುಡಿ ಮಾತ್ರ ಉಳಿದಿತ್ತು. ಹೆಂಡತಿಯ ಸುತ್ತ ಹೆಂಗಸರ ಗುಂಪು, ಮುಂದಿನ ಕೇಕ್ ಯಾರದು ಎಂದು ಪೈಪೋಟಿ. ನಾನು ಅವಳ ಕಿವಿಯ ಹತ್ತಿರ ಬಾಗಿ, ಗಾಡಿ ಕೈಕೊಟ್ಟಿತು ಕಣೇ ಎಂದು ಗೊಣಗಿದೆ.

"ಅದನ್ಯಾಕೆ ಬೈತೀರಿ? ಅದರ ಪಾಲಿನ ಕರೆಂಟೆಲ್ಲಾ ಕೇಕ್ ಕುಡಿದಿತ್ತು. ಅದಕ್ಕೇ ನೋಡಿ, ಕೇಕ್ ನಿಮಗಿಂತ ಮುಂಚೆ ಬಂದು ಮುಟ್ಟಿತು," ಎಂದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಇನ್ಮೇಲೆ ಆ ಪ್ಲಗ್ ಓವನ್ನಿಗೇ. ಕೇಳಿಸ್ತಾ?"

ಹೂಂ ಅಂದೆ. ಮದುವೆಯಾದ ಮೇಲೆ ಮೊದಲ ಸಲ, ಪೂರ್ತಿ ಕೇಳಿಸಿಕೊಂಡೇ ಅಂದೆ.